ಗೋಡೆಯೊಳಗಿನ ಪೈಪು

ಬುಧವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ಡಯಾಲಿಸಿಸ್ ಘಟಕದ ಆರನೇ ಕುರ್ಚಿಯಲ್ಲಿದ್ದ ನಿವೃತ್ತ ಬಸ್ ಕಂಡಕ್ಟರ್ ನಡುಗತೊಡಗಿದರು. ಯಂತ್ರಕ್ಕೆ ಜೋಡಿಸಿ ಇನ್ನೂ ಒಂದು ಗಂಟೆ ಆಗಿರಲಿಲ್ಲ. ಮೊದಲು ದವಡೆ, ಆಮೇಲೆ ಭುಜ, ಕೊನೆಗೆ ಕುರ್ಚಿಯ ಕಬ್ಬಿಣದ ಕಾಲು ನೆಲಕ್ಕೆ ಬಡಿದುಕೊಳ್ಳುವಷ್ಟು ನಡುಕ. ಎರಡು ಕಂಬಳಿ ಹೊದಿಸಿದರೂ ಕಡಿಮೆಯಾಗಲಿಲ್ಲ.

ಆ ವಾರ ಹೀಗೆ ನಡುಗಿದವರಲ್ಲಿ ಅವರು ಮೂರನೆಯವರು.

ಯಂತ್ರ ನಿಲ್ಲಿಸಿದ್ದು ಅವರ ಸೊಸೆ. ಅವಳು ಆ ಘಟಕದ ಟೆಕ್ನಿಷಿಯನ್. ಯಂತ್ರಗಳೂ ಅವಕ್ಕೆ ನೀರು ಪೂರೈಸುವ ಕೋಣೆಯೂ ಅವಳ ಸುಪರ್ದಿಯಲ್ಲಿದ್ದವು. ಅವಳು ಕೊಳವೆಗಳನ್ನು ಬಿಡಿಸುತ್ತಿರುವಾಗ ಮಾವ ಹಲ್ಲು ಕಟಕಟಿಸುತ್ತಲೇ ಮಾತಾಡಿದರು.

“ಇದು ಜ್ವರ ಅಲ್ಲಮ್ಮ. ಹಳೇ ಗಾಡಿ. ಸ್ಟಾರ್ಟ್ ಆಗೋವಾಗ ಹೀಗೇ ಅಲ್ಲಾಡತ್ತೆ.”

“ಸುಮ್ನಿರಿ ಮಾವ. ಮಾತಾಡ್ಬೇಡಿ.”

“ಸುಮ್ನಿದ್ರೆ ಹೋದ ಅಂದ್ಕೊಂಡು ಟೈಲರಮ್ಮ ನನ್ನ ಸೀಟಿಗೆ ಟವೆಲ್ ಹಾಕ್ತಾರೆ.”

ಐದನೇ ಕುರ್ಚಿಯ ಟೈಲರಮ್ಮ ಕಣ್ಣು ತೆರೆಯದೆ ಉತ್ತರ ಕೊಟ್ಟರು. “ನಿಮ್ಮ ಸೀಟು ಯಾರಿಗ್ರೀ ಬೇಕು. ಎಸಿ ಗಾಳಿ ಸೀದಾ ನೆತ್ತಿಗೆ ಬಡಿಯತ್ತೆ.”

ಬೇರೆ ದಿನವಾಗಿದ್ದರೆ ಆಕೆ ನಗುತ್ತಿದ್ದರು. ಸೋಮವಾರ ಆಕೆಯೂ ನಡುಗಿದ್ದರು. ಆಕೆಯ ರಕ್ತ ಲ್ಯಾಬಿಗೆ ಹೋಗಿ ಎರಡು ದಿನವಾಗಿತ್ತು. ಸೊಸೆ ಮಾವನ ರಕ್ತವನ್ನೂ ಎರಡು ಸೀಸೆಗಳಲ್ಲಿ ತೆಗೆದು ಕಳಿಸಿದಳು. ಮಧ್ಯಾಹ್ನದ ಹೊತ್ತಿಗೆ ಮಾವನ ಮೈ ತಣ್ಣಗಾಯಿತು. ಸಂಜೆ ಮನೆಯಲ್ಲಿ ಎಂದಿನಂತೆ ರೇಡಿಯೊ ಹಾಕಿಕೊಂಡು ಕೂತರು.

ಡಯಾಲಿಸಿಸ್‌ಗೆ ಕೂತವನ ರಕ್ತದ ಆಚೆ ಬದಿಯಲ್ಲಿ, ಕೂದಲಿಗಿಂತ ತೆಳುವಾದ ಪೊರೆಯ ಇನ್ನೊಂದು ಮಗ್ಗುಲಲ್ಲಿ, ನೀರು ಹರಿಯುತ್ತಿರುತ್ತದೆ. ಒಂದು ಸರದಿಗೆ ನೂರು ಲೀಟರಿಗೂ ಹೆಚ್ಚು. ಮನುಷ್ಯ ಎರಡು ತಿಂಗಳಲ್ಲಿ ಕುಡಿಯುವಷ್ಟು ನೀರು ನಾಲ್ಕು ಗಂಟೆಯಲ್ಲಿ ಅವನ ರಕ್ತವನ್ನು ಸವರಿಕೊಂಡು ಹೋಗುತ್ತದೆ. ಕುಡಿದ ನೀರಿಗೆ ಹೊಟ್ಟೆಯ ಕಾವಲಿದೆ. ಈ ನೀರಿಗೆ ಆ ಪೊರೆಯೊಂದೇ ಕಾವಲು. ಹಾಗಾಗಿ ನೀರಿನ ಕೋಣೆಯ ಕೆಲಸ ಹಗುರದ್ದಲ್ಲ. ಅಲ್ಲಿ ಶುದ್ಧವಾದ ನೀರು ಒಂದು ಪೈಪಿನಲ್ಲಿ ಹೊರಟು, ಹಜಾರದ ಗೋಡೆಗುಂಟ ಎಂಟೂ ಕುರ್ಚಿಗಳನ್ನು ಸುತ್ತಿ, ಮತ್ತೆ ಟ್ಯಾಂಕಿಗೆ ಬಂದು ಬೀಳುತ್ತಿತ್ತು. ನಿಂತ ನೀರು ಕೆಡುತ್ತದೆ ಎಂದು ಪಂಪು ಸದಾ ಓಡುತ್ತಿತ್ತು.

ಭಾನುವಾರ ಘಟಕಕ್ಕೆ ರಜೆ. ಅಂದು ಸೊಸೆ ಒಬ್ಬಳೇ ಬಂದು ಪೈಪಿಗೆ ಔಷಧಿ ಬಿಡುತ್ತಿದ್ದಳು. ವಿನೆಗರ್ ವಾಸನೆಯ ಪೆರಾಸೆಟಿಕ್ ಆಮ್ಲ. ಕಣ್ಣಿಗೆ ಕನ್ನಡಕ, ಕೈಗೆ ಮೊಣಕೈವರೆಗಿನ ಗ್ಲೌಸ್. ಔಷಧಿ ಪೈಪಿನಲ್ಲಿ ಸುತ್ತು ಹೊಡೆದು ನಿಂತು, ಆಮೇಲೆ ಗಂಟೆಗಟ್ಟಲೆ ನೀರಿನಲ್ಲಿ ತೊಳೆದು ಹೋಗಬೇಕು. ಸೋಮವಾರ ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ನೀರಿಗೆ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ, ಔಷಧಿಯ ಅಂಶ ಮಿತಿಯೊಳಗಿದೆಯೇ ಎಂದು ನೋಡುತ್ತಿದ್ದಳು. ಅದಾದ ಮೇಲೆ ಸ್ಯಾಂಪಲ್ ಸೀಸೆ ತುಂಬಿ ಲ್ಯಾಬಿಗೆ ಕಳಿಸುತ್ತಿದ್ದಳು. ಅವಳು ಸೇರಿದಾಗಿನಿಂದ ಬಂದ ವರದಿಗಳಲ್ಲೆಲ್ಲ ಒಂದೇ ಮಾತು: ಬ್ಯಾಕ್ಟೀರಿಯಾ ಇಲ್ಲ.

ಮಾವನನ್ನು ಇಲ್ಲಿಗೆ ಕರೆತಂದದ್ದೂ ಅದೇ ಧೈರ್ಯದ ಮೇಲೆ. ಕಿಡ್ನಿ ಕೈಕೊಟ್ಟಾಗ ಅತ್ತೆ, ರೈಲಿನಲ್ಲಿ ಅರ್ಧ ದಿನದ ದಾರಿಯಾದರೂ ಪರವಾಗಿಲ್ಲ, ದೊಡ್ಡ ಆಸ್ಪತ್ರೆಗೇ ಹೋಗೋಣ ಎಂದಿದ್ದರು. ದೂರದ ಗಣಿಯಲ್ಲಿ ಕ್ರೇನ್ ಓಡಿಸುವ ಗಂಡನೂ ಫೋನಿನಲ್ಲಿ ಅದನ್ನೇ ಹೇಳಿದ್ದ. “ಅಲ್ಲಿ ನೀರು ಯಾರು ನೋಡ್ಕೋತಾರೋ ಗೊತ್ತಿಲ್ಲ, ಇಲ್ಲಿ ನಾನು ನೋಡ್ಕೋತೀನಿ” ಎಂದು ಇಬ್ಬರ ಬಾಯಿಯನ್ನೂ ಮುಚ್ಚಿಸಿದ್ದು ಅವಳು.

ಗುರುವಾರ ಮಧ್ಯಾಹ್ನ ಲ್ಯಾಬ್ ಡಾಕ್ಟರು ಘಟಕಕ್ಕೆ ಬಂದರು. ಎತ್ತರದ ಆಳು, ಬಾಗಿಲು ದಾಟುವಾಗೆಲ್ಲ ಅಭ್ಯಾಸಬಲದಿಂದ ತಲೆ ತಗ್ಗಿಸುವವರು. ನೆಲಮಾಳಿಗೆಯ ಲ್ಯಾಬ್ ಬಿಟ್ಟು ಅವರು ಮೇಲೆ ಬಂದದ್ದನ್ನು ನೋಡಿದವರು ಕಡಿಮೆ.

“ಟೈಲರಮ್ಮನ ರಕ್ತದಲ್ಲಿ ಬೆಳೆದಿದೆ,” ಎಂದರು. “ಮನುಷ್ಯರ ಮೈಮೇಲೆ ಇರೋ ಜಾತಿ ಅಲ್ಲ. ನೀರಿಂದು. ನಲ್ಲಿ, ಪೈಪು, ಟ್ಯಾಂಕು, ಇಂಥ ಕಡೆ ಇರತ್ತೆ.”

“ಡಾಕ್ಟ್ರೇ, ನಮ್ಮ ನೀರಲ್ಲಿ ಏನೂ ಇಲ್ಲ. ವರದಿ ಕೊಡೋರು ನೀವೇ.”

“ನಾನೇ. ಅದಕ್ಕೇ ಬಂದೆ. ಸ್ಯಾಂಪಲ್ ಯಾವಾಗ ತೆಗೀತೀರಿ?”

“ಸೋಮವಾರ ಬೆಳಿಗ್ಗೆ. ಪಟ್ಟಿ ನೋಡಿ ಆದ್ಮೇಲೆ.”

“ಅಂದ್ರೆ ಭಾನುವಾರ ಔಷಧಿ ಬಿಟ್ಟ ಮಾರನೇ ದಿನ.”

“ಹೌದು. ಕೆಲಸ ಸರಿಯಾಗಿದೆಯಾ ಅಂತ ನೋಡೋಕೆ.”

ಲ್ಯಾಬ್ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ತಪ್ಪು ಇಬ್ಬರದೂ ಆಗಿತ್ತು, ಇಬ್ಬರಿಗೂ ಅದು ಒಟ್ಟಿಗೇ ಗೊತ್ತಾಗುತ್ತಿತ್ತು. ಅವಳು ವಾರದ ಏಳು ದಿನಗಳಲ್ಲಿ ನೀರು ಅತಿ ಚೊಕ್ಕಟವಾಗಿರುವ ಒಂದೇ ಹೊತ್ತನ್ನು ಹುಡುಕಿ ಸ್ಯಾಂಪಲ್ ತೆಗೆದಿದ್ದಳು. ಅದೂ ಸಾಲದೆಂಬಂತೆ, ಆ ನೀರಿನಲ್ಲಿ ಔಷಧಿಯ ಅಂಶ ಇನ್ನೂ ಚೂರು ಉಳಿದಿರುತ್ತಿತ್ತು. ಮನುಷ್ಯನಿಗೆ ಅಪಾಯವಿಲ್ಲದಷ್ಟು. ಆದರೆ ಸೀಸೆ ಲ್ಯಾಬಿನ ಮೇಜಿನ ಮೇಲೆ ಮಧ್ಯಾಹ್ನದವರೆಗೆ ಕಾಯುವಾಗ, ಒಳಗೆ ಅಳಿದುಳಿದ ಬ್ಯಾಕ್ಟೀರಿಯಾವನ್ನು ಬೆಳೆಯದಂತೆ ಹಿಡಿದಿಡುವುದಕ್ಕೆ ಸಾಕು. ಔಷಧಿಯ ಆಟ ನಿಲ್ಲಿಸುವ ಪುಡಿ ಹಾಕಿದ ಸೀಸೆಗಳನ್ನು ಲ್ಯಾಬ್ ಡಾಕ್ಟರು ಕಳಿಸಬೇಕಿತ್ತು. ಕಳಿಸಿರಲಿಲ್ಲ. ಅವಳು ಕೇಳಿರಲಿಲ್ಲ. ಎಲ್ಲವೂ ಸರಿಯಿದೆ ಎನ್ನುವ ವರದಿಯನ್ನು ಯಾರೂ ಕೆದಕಿ ನೋಡುವುದಿಲ್ಲ.

“ಈಗಲೇ ತೆಗೆಯೋಣ,” ಎಂದರು ಅವರು. “ಎಲ್ಲಾ ಕುರ್ಚಿದೂ, ನೀರಿನ ಕೋಣೇದೂ. ಔಷಧಿ ಬಿಟ್ಟು ನಾಲ್ಕು ದಿನ ಆಗಿದೆ. ಬದುಕಿರೋದು ಇದ್ರೆ ಇಷ್ಟೊತ್ತಿಗೆ ಸಂಸಾರ ಹೂಡಿರತ್ತೆ.”

ಇಬ್ಬರೂ ಸೇರಿ ಒಂದೊಂದು ಕುರ್ಚಿಯ ಹಿಂದಿನ ನಲ್ಲಿಯಿಂದ ನೀರು ಹಿಡಿದರು. ಸೀಸೆಗಳ ಮೇಲೆ ಕುರ್ಚಿಯ ಸಂಖ್ಯೆ ಬರೆದರು. ನೀರು ಕನ್ನಡಿಯಂತಿತ್ತು. ವಾಸನೆಯಿಲ್ಲ, ಬಣ್ಣವಿಲ್ಲ.

“ಯಾವಾಗ ಗೊತ್ತಾಗತ್ತೆ?”

“ಶನಿವಾರಕ್ಕಿಂತ ಮುಂಚೆ ಆಗಲ್ಲ. ಅವಕ್ಕೆ ನಮ್ಮ ಅರ್ಜೆಂಟು ಗೊತ್ತಿಲ್ಲ.”

ಶುಕ್ರವಾರ ಬೆಳಿಗ್ಗೆ ಮಾವನ ಸರದಿಯಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಅವಳು ವಿಷಯ ತೆಗೆದಳು. ನಾಳೆ ಒಂದು ದಿನ ಡಯಾಲಿಸಿಸ್ ಬೇಡ, ನೀರು ಕುಡಿಯುವುದನ್ನು ಇನ್ನಷ್ಟು ಬಿಗಿ ಮಾಡೋಣ, ಶನಿವಾರ ನೋಡಿಕೊಂಡು ತೀರ್ಮಾನಿಸೋಣ ಎಂದಳು. ಮಾವನಿಗೆ ದಿನಕ್ಕೆ ಸಣ್ಣ ಲೋಟದಲ್ಲಿ ಅಳತೆಯ ನೀರು. ಅದನ್ನೇ ಅವರು ಗುಟುಕು ಗುಟುಕಾಗಿ ಸಂಜೆವರೆಗೆ ಎಳೆಯುತ್ತಿದ್ದರು.

“ಇನ್ನೂ ಬಿಗಿ ಮಾಡಿದ್ರೆ ಲೋಟ ನೆಕ್ಕಬೇಕಾಗತ್ತೆ,” ಎಂದರು ಮಾವ. “ಯಾಕಮ್ಮ, ಏನಾಗಿದೆ?”

ಅವಳು ಹೇಳಿದಳು. ಯಾವುದನ್ನೂ ಮುಚ್ಚಲಿಲ್ಲ. ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

“ನಾನು ಅವತ್ತೇ ಹೇಳಿದ್ದೆ, ದೊಡ್ಡಾಸ್ಪತ್ರೆಗೆ ಹೋಗೋಣ ಅಂತ.”

“ಹೇಳಿದ್ರಿ ಅತ್ತೆ.”

“ಈಗ ಇವರೊಬ್ಬರನ್ನ ಮನೇಲಿ ಕೂರಿಸಿದ್ರೆ ಸಾಕಾ? ಹಾಗಾದ್ರೆ ಕೂರಿಸು. ನನಗಂತೂ ಅಷ್ಟಾದ್ರೆ ಸಾಕು.”

ಮಾವ ಹೆಂಡತಿಯ ಕಡೆ ನೋಡಲಿಲ್ಲ. ಸೊಸೆಯನ್ನೇ ನೋಡುತ್ತಿದ್ದರು.

“ನಾಳೆ ಬೆಳಿಗ್ಗೆ ಟೈಲರಮ್ಮ ಬರ್ತಾರಾ?”

“ಬರ್ತಾರೆ.”

“ಎರಡನೇ ಸೀಟಿನ ಮೇಷ್ಟ್ರು?”

“ಬರ್ತಾರೆ ಮಾವ. ಎಲ್ರೂ ಬರ್ತಾರೆ.”

“ಅವರಿಗೆಲ್ಲ ಪೈಪು ಚುಚ್ಚಿ, ನನಗೆ ಮನೇಲಿ ರಜೆ. ಹಾಗಾ?” ಅವರು ಲೋಟವನ್ನು ಬೆರಳಲ್ಲಿ ತಿರುಗಿಸಿದರು. “ನೋಡಮ್ಮ, ಬ್ರೇಕ್ ಹಿಡೀತಿಲ್ಲ ಅಂತ ಡ್ರೈವರಿಗೆ ಅನುಮಾನ ಬಂತು ಅನ್ಕೋ. ಆಗ ಅವನು ತನ್ನ ಅಪ್ಪನ್ನ ಮಾತ್ರ ಇಳಿಸಿ ಗಾಡಿ ಬಿಟ್ರೆ, ಅವನಿಗೆ ಏನಂತಾರೆ? ಇಳಿಸೋದಾದ್ರೆ ಎಲ್ರನ್ನೂ ಇಳಿಸು. ಇಲ್ಲಾಂದ್ರೆ ನನಗೂ ಟಿಕೆಟ್ ಹರಿ, ನಾನೂ ಹತ್ತಿ ಕೂರ್ತೀನಿ.”

“ಇಳಿಸಿದ್ರೆ ಅವರು ಹೋಗೋದೆಲ್ಲಿಗೆ? ಬೇರೆ ಕಡೆ ಕುರ್ಚಿ ಖಾಲಿ ಇಲ್ಲ. ಎರಡು ಸರದಿ ತಪ್ಪಿದ್ರೆ ಎದೇಲಿ ನೀರು ತುಂಬತ್ತೆ. ನಿಮಗೂ ಅಷ್ಟೇ.”

“ಅದೂ ಸರಿನೇ,” ಎಂದರು ಮಾವ. ಅಂದಿನ ಲೋಟದಲ್ಲಿ ಎರಡು ಗುಟುಕು ಉಳಿದಿತ್ತು. ಅದನ್ನು ಕುಡಿಯದೆ ತಟ್ಟೆಯ ಪಕ್ಕ ಇಟ್ಟು ಎದ್ದರು.

ಶುಕ್ರವಾರ ಬೆಳಿಗ್ಗೆ ಅವಳು ನೀರಿನ ಕೋಣೆಗೆ ಹೋಗಿ ಹಜಾರಕ್ಕೆ ಹೋಗುವ ಪೈಪಿನ ವಾಲ್ವ್ ತಿರುಗಿಸಿ ಬಿಗಿದಳು. ಹಜಾರದಲ್ಲಿ ಎಂಟೂ ಯಂತ್ರಗಳು ಒಂದಾದ ಮೇಲೊಂದು ಕೂಗತೊಡಗಿದವು. ನೀರು ಬರುತ್ತಿಲ್ಲ ಎಂಬ ಕೂಗು. ಅವಳು ಒಂದೊಂದನ್ನೇ ಆರಿಸುತ್ತ ಬಂದಳು.

ಘಟಕದ ಮುಖ್ಯ ವೈದ್ಯೆ ಬರುವ ಹೊತ್ತಿಗೆ ಹೊರಗಿನ ಬೆಂಚು ತುಂಬಿತ್ತು. ಆ ಘಟಕವನ್ನು ಕಟ್ಟಿದವರೇ ಆಕೆ. ಸಂಜೆ ಎಲ್ಲರಿಗಿಂತ ಕೊನೆಗೆ ಹೋಗುವವರು, ಜೋರು ಮಾತಿನವರಲ್ಲ. ಅಂದೂ ಜೋರು ಮಾಡಲಿಲ್ಲ.

“ಯಾರನ್ನ ಕೇಳಿ ನಿಲ್ಲಿಸಿದೆ?”

“ಯಾರನ್ನೂ ಕೇಳಿಲ್ಲ ಮೇಡಂ. ಕೇಳಿದ್ರೆ ಬೇಡ ಅಂತಿದ್ರಿ.”

“ಪ್ರೂಫ್ ಇದೆಯಾ?”

“ನಾಳೆ ಬರತ್ತೆ.”

“ಇವತ್ತು ಶುಕ್ರವಾರ. ಹೊರಗೆ ಕೂತಿರೋರ ಕಾಲು ನೋಡು. ಊದಿಕೊಂಡು ಚಪ್ಪಲಿ ಹಾಕೋಕಾಗ್ತಿಲ್ಲ. ಇವರಲ್ಲಿ ಒಬ್ಬರಿಗೆ ನಾಳೆಯೊಳಗೆ ಉಸಿರು ಕಟ್ಟಿದ್ರೆ, ಅದು ನಿನ್ನ ಅನುಮಾನದಿಂದ ಕಟ್ಟಿದ್ದು.”

“ಗೊತ್ತು ಮೇಡಂ. ಆ ಬೆಂಚಲ್ಲಿ ನಮ್ಮ ಮಾವನೂ ಇದಾರೆ.”

ಮುಖ್ಯ ವೈದ್ಯೆ ಹೊರಗೆ ಇಣುಕಿ ನೋಡಿದರು. ಕಂಡಕ್ಟರ್ ಬೆಂಚಿನ ತುದಿಯಲ್ಲಿ ಕೂತು ಮೇಷ್ಟ್ರಿಗೆ ಏನೋ ಹೇಳುತ್ತಿದ್ದರು. ಮೇಷ್ಟ್ರು ಕೇಳುತ್ತಿರಲಿಲ್ಲ. “ಸಂಬಳ ತಗೊಳ್ಳೋರಿಗೆ ರಜೆ ಖುಷಿ, ನಮಗೆ ಸಾವು” ಎಂದು ಎಲ್ಲರಿಗೂ ಕೇಳುವಂತೆ ಗೊಣಗುತ್ತಿದ್ದರು. ಸೊಸೆ ಅದನ್ನು ಕೇಳಿಸಿಕೊಂಡು ಒಳಗೆ ನಿಂತಿದ್ದಳು.

ವೈದ್ಯೆ ವಾಲ್ವ್ ತೆಗೆಸಲಿಲ್ಲ. ತಮ್ಮ ಕೋಣೆಗೆ ಹೋಗಿ ಫೋನ್ ಹಿಡಿದು ಕೂತರು. ಗೊತ್ತಿದ್ದ ಘಟಕಗಳನ್ನೆಲ್ಲ ಕಾಡಿ ಬೇಡಿ ಎರಡು ಕುರ್ಚಿ ಸಿಕ್ಕಿತು. ಅತಿ ಕಷ್ಟದಲ್ಲಿದ್ದ ಇಬ್ಬರನ್ನು ಆಂಬುಲೆನ್ಸಿನಲ್ಲಿ ಕಳಿಸಿದರು. ಉಳಿದವರಿಗೆ ಮಾತ್ರೆ ಕೊಟ್ಟು, ನೀರು ಮುಟ್ಟಬೇಡಿ, ಹಣ್ಣು ಮುಟ್ಟಬೇಡಿ ಎಂದು ಹೇಳಿ ಮನೆಗೆ ಕಳಿಸಿದರು. ಕಂಡಕ್ಟರ್ ಮನೆಗೆ ಹೋದವರಲ್ಲಿ ಒಬ್ಬರು.

ಶನಿವಾರ ಬೆಳಿಗ್ಗೆ ಮಾವ ಮೂರು ದಿಂಬು ಒರಗಿಸಿಕೊಂಡು ಕೂತೇ ಇದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಅತ್ತೆ ಸೊಸೆಯ ಜೊತೆ ಮಾತು ಬಿಟ್ಟಿದ್ದರು. ಅವಳು ಬಾಗಿಲು ದಾಟುವಾಗ, “ಬೇಗ ಬಾ” ಎಂದದ್ದು ಮಾವ.

ಲ್ಯಾಬಿನಲ್ಲಿ ಒಂಬತ್ತು ಗಾಜಿನ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದರು. ನೀರಿನ ಕೋಣೆಯಲ್ಲಿ ಆಗಷ್ಟೇ ಶುದ್ಧವಾದ ನೀರಿನದು ಖಾಲಿ. ಒಂದರಿಂದ ನಾಲ್ಕನೇ ಕುರ್ಚಿಯವರೆಗಿನ ತಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಸಾಸಿವೆಗಿಂತ ಸಣ್ಣ ಚುಕ್ಕೆ. ಐದನೆಯದರಲ್ಲಿ ಚುಕ್ಕೆಗಳು ಒತ್ತಾಗಿದ್ದವು. ಆರನೆಯದರಲ್ಲಿ ಚುಕ್ಕೆಗಳೇ ಇರಲಿಲ್ಲ, ಇಡೀ ತಟ್ಟೆ ಮಂಜು ಕವಿದಂತೆ ಬೆಳ್ಳಗಾಗಿತ್ತು. ಏಳು, ಎಂಟರಲ್ಲಿ ಮತ್ತೆ ತೆಳುವಾಗುತ್ತ ಹೋಗಿತ್ತು.

“ಆರನೇದು ಎಣಿಸೋಕಾಗಲ್ಲ,” ಎಂದರು ಲ್ಯಾಬ್ ಡಾಕ್ಟರು. “ಇದು ಟ್ಯಾಂಕಿಂದ ಬರ್ತಿಲ್ಲ. ಅಲ್ಲೇ ಎಲ್ಲೋ ಮನೆ ಮಾಡಿದೆ. ಆರನೇ ಕುರ್ಚಿ ಹಿಂದೆ ಏನಿದೆ?”

“ಗೋಡೆ. ಆಚೆ ಸ್ಟೋರ್.”

ಅಲ್ಲೇ ನಿಂತಿದ್ದ ಮುಖ್ಯ ವೈದ್ಯೆ, “ಸ್ಟೋರ್ ಆಮೇಲೆ ಮಾಡಿದ್ದು,” ಎಂದರು. ಧ್ವನಿ ಸ್ವಲ್ಪ ಇಳಿದಿತ್ತು. “ಮೊದಲು ಅಲ್ಲೂ ಎರಡು ಕುರ್ಚಿ ಇತ್ತು. ಗೋಡೆ ಎಬ್ಬಿಸಿ ಅವನ್ನ ತೆಗೆಸಿದೆ.”

“ಆ ಕುರ್ಚಿಗಳಿಗೆ ನೀರು ಹೋಗ್ತಿದ್ದ ಪೈಪು?”

“ತುದಿ ಮುಚ್ಚಿ ಪ್ಲಾಸ್ಟರ್ ಮಾಡಿದ್ರು. ಸೋರಿಕೆ ಇಲ್ವಲ್ಲ ಅಂತ ಬಿಟ್ಟೆ.”

ಮಧ್ಯಾಹ್ನ ಗೋಡೆ ಒಡೆಸಿದರು. ಪ್ಲಾಸ್ಟರ್ ಉದುರಿದಾಗ ಮುಖ್ಯ ಪೈಪಿನಿಂದ ಪಕ್ಕಕ್ಕೆ ಕವಲೊಡೆದ ತುಂಡು ಪೈಪು ಕಾಣಿಸಿತು. ಒಂದು ಮೊಳದಷ್ಟಿತ್ತು, ತುದಿಗೆ ಮುಚ್ಚಳ. ನೀರು ಅದರೊಳಗೆ ಹೋಗುತ್ತಿತ್ತು, ಹೊರಗೆ ಬರಲು ದಾರಿಯಿರಲಿಲ್ಲ. ಪ್ಲಂಬರ್ ಗರಗಸದಿಂದ ಕೊಯ್ದು ತುಂಡನ್ನು ಬಕೆಟ್ಟಿಗೆ ಬಗ್ಗಿಸಿದ. ಮೊದಲು ನೀರು ಸುರಿಯಿತು. ಆಮೇಲೆ ಲೋಳೆಯ ಹಾಳೆಯೊಂದು ನಿಧಾನವಾಗಿ ಜಾರಿ, ಪೈಪಿನ ಆಕಾರದಲ್ಲೇ ಬಕೆಟ್ಟಿನ ತಳಕ್ಕೆ ಬಿತ್ತು. ಬೂದು ಬಣ್ಣ, ಅಂಚಿನಲ್ಲಿ ತುಸು ಗುಲಾಬಿ.

“ಥೂ,” ಎಂದ ಪ್ಲಂಬರ್. “ಜೀವ ಇರೋ ಹಾಗಿದೆ.”

“ಇದೆ,” ಎಂದರು ಲ್ಯಾಬ್ ಡಾಕ್ಟರು.

ಅವರು ಲೋಳೆಯ ಒಂದು ಚೂರನ್ನು ಭಾನುವಾರದ ಔಷಧಿಯಲ್ಲಿ, ಭಾನುವಾರದ ಪ್ರಮಾಣದಲ್ಲೇ, ಭಾನುವಾರದಷ್ಟೇ ಹೊತ್ತು ಮುಳುಗಿಸಿಟ್ಟರು. ಇನ್ನೊಂದು ಚೂರನ್ನು ಚೆನ್ನಾಗಿ ಅಲ್ಲಾಡಿಸಿ, ಬ್ಯಾಕ್ಟೀರಿಯಾ ಬಿಡಿಬಿಡಿಯಾಗುವಂತೆ ಮಾಡಿ, ಅದನ್ನೂ ಅದೇ ಔಷಧಿಗೆ ಹಾಕಿದರು. ಎರಡನ್ನೂ ತೊಳೆದು ತಟ್ಟೆಗಳಿಗೆ ಹಚ್ಚಿದರು. ಮಂಗಳವಾರದ ಹೊತ್ತಿಗೆ ಬಿಡಿ ಬ್ಯಾಕ್ಟೀರಿಯಾದ ತಟ್ಟೆ ಖಾಲಿಯಿತ್ತು. ಲೋಳೆಯ ತಟ್ಟೆಯಲ್ಲಿ ಬೆಳೆದಿತ್ತು.

ಇನ್ನೊಂದು ಕೆಲಸವನ್ನೂ ಅವರು ಮಾಡಿದರು. ಲೋಳೆಯಲ್ಲಿ ಬದುಕಿ ಉಳಿದವುಗಳ ಮರಿಗಳನ್ನು ಬಿಡಿಯಾಗಿ ಬೆಳೆಸಿ, ಅವಕ್ಕೂ ಔಷಧಿ ಕೊಟ್ಟರು. ಅವೂ ಸತ್ತವು.

“ಅರ್ಥ ಆಗ್ಲಿಲ್ಲ,” ಎಂದಳು ಸೊಸೆ. “ಔಷಧಿಗೆ ಬಗ್ಗದೆ ಇರೋ ಜಾತಿ ಅಂದ್ಕೊಂಡಿದ್ದೆ.”

“ಅಲ್ಲ. ಸಿಕ್ಕಿಬಿದ್ರೆ ಎಲ್ಲದರ ಹಾಗೆ ಇದೂ ಸಾಯತ್ತೆ. ಲೋಳೆಯೊಳಗೆ ಸಿಕ್ಕಿಬೀಳಲ್ಲ, ಅಷ್ಟೇ. ಔಷಧಿ ಮೇಲಿನ ಪದರನ ಸುಡೋದ್ರಲ್ಲೇ ಖರ್ಚಾಗಿಹೋಗತ್ತೆ. ತಳದಲ್ಲಿರೋದಕ್ಕೆ ಮುಟ್ಟೋ ಹೊತ್ತಿಗೆ ಅದ್ರಲ್ಲಿ ಶಕ್ತಿ ಇರಲ್ಲ. ಮೇಲೆ ಸತ್ತೋರು ಕೆಳಗಿನೋರಿಗೆ ಛಾವಣಿ. ತಳದಲ್ಲಿ ಕೆಲವು ಇನ್ನೊಂದು ಥರ ಇರ್ತವೆ. ತಿನ್ನಲ್ಲ, ಬೆಳೆಯಲ್ಲ, ಹೆಚ್ಚು ಕಡಿಮೆ ಏನೂ ಮಾಡಲ್ಲ. ಸುಮ್ನೆ ಬಿದ್ದಿರ್ತವೆ. ಕೆಲಸ ಮಾಡೋರನ್ನ ಕೊಲ್ಲೋದು ಸುಲಭ. ನಿದ್ದೆ ಮಾಡೋರನ್ನ ಕೊಲ್ಲೋದು ಕಷ್ಟ. ಔಷಧಿ ತೊಳೆದುಹೋದ ಮೇಲೆ ಅವು ಏಳ್ತವೆ.”

“ನಾನು ಔಷಧಿ ಡಬಲ್ ಹಾಕಿದ್ದಿದ್ರೆ?”

“ಪೈಪು ಸಾಯ್ತಿತ್ತು.”

ಅವಳು ನಗಲಿಲ್ಲ. ಅವರೂ ನಗಿಸಲು ಹೇಳಿರಲಿಲ್ಲ.

ಆ ಹೊತ್ತಿಗೆ ಘಟಕ ಮತ್ತೆ ತೆರೆದಿತ್ತು. ಗೋಡೆ ಒಡೆಸಿದ ದಿನವೇ ಪೈಪಿನ ಕೆಲಸ ಶುರುವಾಗಿ, ಭಾನುವಾರದೊಳಗೆ ಹಜಾರದ ಅಷ್ಟೂ ಪೈಪು ಬದಲಾಗಿತ್ತು. ಎಲ್ಲೂ ಕವಲಿಲ್ಲ, ಮುಚ್ಚಿದ ತುದಿಯಿಲ್ಲ. ಸ್ಯಾಂಪಲ್ ತೆಗೆಯುವ ದಿನ ಸೋಮವಾರದಿಂದ ಶನಿವಾರಕ್ಕೆ ಬಂತು, ಔಷಧಿ ಬಿಡುವ ಹಿಂದಿನ ದಿನಕ್ಕೆ. ಸೋಮವಾರ ಎಲ್ಲರಿಗಿಂತ ಮುಂಚೆ ಕಂಡಕ್ಟರನ್ನು ಗಾಲಿಕುರ್ಚಿಯಲ್ಲಿ ತಂದು ಯಂತ್ರಕ್ಕೆ ಜೋಡಿಸಿದರು. ನಾಲ್ಕು ಗಂಟೆ ಕಳೆದ ಮೇಲೆ ಅವರು ಮಲಗಿ ಉಸಿರಾಡಿದರು. ಯಾರೂ ನಡುಗಲಿಲ್ಲ. ಮೇಷ್ಟ್ರು ಹೊರಡುವಾಗ ಸೊಸೆಯ ಹತ್ತಿರ ಬಂದು ಏನೋ ಹೇಳಲು ಹೊರಟು, ಕೊನೆಗೆ, “ಎಸಿ ಸ್ವಲ್ಪ ಕಮ್ಮಿ ಮಾಡಿಸಿ” ಎಂದು ಹೋದರು.

ಅಂದೇ ಸಂಜೆ ಮಾವನ ರಕ್ತದ ವರದಿ ಬಂತು. ಟೈಲರಮ್ಮನ ರಕ್ತದಲ್ಲಿ ಬೆಳೆದದ್ದೇ ಅವರದರಲ್ಲೂ ಬೆಳೆದಿತ್ತು.

ಟೈಲರಮ್ಮನಿಗೆ ಸೂಜಿ ಹಾಕುತ್ತಿದ್ದದ್ದು ತೋಳಿನ ರಕ್ತನಾಳಕ್ಕೆ. ಸರದಿ ಮುಗಿದ ಮೇಲೆ ಆಕೆಯ ಮೈಯಲ್ಲಿ ಆಸ್ಪತ್ರೆಯ ವಸ್ತು ಏನೂ ಉಳಿಯುತ್ತಿರಲಿಲ್ಲ. ಮಾವನ ತೋಳಿನ ನಾಳಗಳು ಕೆಲಸಕ್ಕೆ ಬಾರದಷ್ಟು ಸಣ್ಣವು. ಅವರಿಗೆ ಕುತ್ತಿಗೆಯ ಬಲಗಡೆಯಿಂದ ಹೃದಯದ ಬಾಗಿಲವರೆಗೆ ಪ್ಲಾಸ್ಟಿಕ್ ನಳಿಕೆ ಇಳಿಸಿದ್ದರು. ಅದು ಹಗಲೂ ರಾತ್ರಿ ಅಲ್ಲೇ ಇರುತ್ತಿತ್ತು. ನೀರಿನ ಪೈಪಿನಿಂದ ಬ್ಯಾಕ್ಟೀರಿಯಾ ಆ ನಳಿಕೆಗೆ ಯಾವ ದಾರಿಯಲ್ಲಿ ಹೋಯಿತೆಂದು ಯಾರೂ ಖಚಿತವಾಗಿ ಹೇಳಲಿಲ್ಲ. ಬಿಡಿಸಿ ಜೋಡಿಸುವಾಗ ಒದ್ದೆ ಕೈಯಿಂದ ತಗುಲಿದ ಒಂದು ಹನಿಯಾದರೂ ಸಾಕಿತ್ತು.

ಸೊಸೆ ನೆಲಮಾಳಿಗೆಗೆ ಇಳಿದು ಹೋಗಿ ಕೇಳಿದಳು.

“ಡಾಕ್ಟ್ರೇ, ಆ ನಳಿಕೆಯೊಳಗೂ ಲೋಳೆ ಕಟ್ಟತ್ತಾ?”

“ಪೈಪು ಅಂದ್ಮೇಲೆ ಪೈಪೇ,” ಎಂದರು. “ತೆಗೆಸೋದು ಒಳ್ಳೇದು.”

ಮುಖ್ಯ ವೈದ್ಯೆ ತೆಗೆಯಲು ಹಿಂದೆಮುಂದೆ ನೋಡಿದರು. ಅದಕ್ಕೆ ಕಾರಣವೂ ಇತ್ತು. ಕುತ್ತಿಗೆಯ ಎಡಗಡೆಯ ನಾಳ ಹಿಂದೆಯೇ ಕಿರಿದಾಗಿತ್ತು. ತೊಡೆಯಲ್ಲಿ ಹಾಕಿದರೆ ಸೋಂಕು ತಗುಲುವ ಸಾಧ್ಯತೆ ಇನ್ನೂ ಹೆಚ್ಚು. ಇದೊಂದನ್ನು ಕಳೆದುಕೊಂಡರೆ ಮುಂದೆ ರಕ್ತ ತೆಗೆಯಲು ಜಾಗವೇ ಇಲ್ಲದಂತಾಗುತ್ತದೆ. ಟೈಲರಮ್ಮನಿಗೆ ಕೊಟ್ಟ ಆಂಟಿಬಯಾಟಿಕ್ ಔಷಧಿಯನ್ನೇ ಮೂರು ವಾರ ಕೊಟ್ಟು, ನಳಿಕೆಯೊಳಗೂ ಅದೇ ಔಷಧಿ ತುಂಬಿಟ್ಟು ನೋಡೋಣ ಎಂದರು. ಲ್ಯಾಬಿನ ತಟ್ಟೆಯಲ್ಲಿ ಆ ಔಷಧಿಗೆ ಬ್ಯಾಕ್ಟೀರಿಯಾ ಪೂರ್ತಿ ಸಾಯುತ್ತಿತ್ತು.

ಸೊಸೆ ಬೇಡವೆನ್ನಲಿಲ್ಲ. ಒಮ್ಮೆ ಯಾರನ್ನೂ ಕೇಳದೆ ವಾಲ್ವ್ ಮುಚ್ಚಿದ್ದಳು. ಇದು ವಾಲ್ವ್ ಆಗಿರಲಿಲ್ಲ.

ಎರಡನೇ ದಿನಕ್ಕೆ, ರಾತ್ರಿ ಹೊತ್ತು ಸುಳಿಯುತ್ತಿದ್ದ ಮಾವನ ಜ್ವರ ಇಳಿಯಿತು. ಊಟ ಸೇರತೊಡಗಿತು. ಅತ್ತೆ ಮತ್ತೆ ಮಾತಾಡಿಸಿದರು, ಮೊದಲು ಉಪ್ಪಿನ ಡಬ್ಬಿಯ ಬಗ್ಗೆ, ಆಮೇಲೆ ಬೇರೆ ವಿಷಯ. ಗಣಿಯಿಂದ ಮಗ ಫೋನ್ ಮಾಡಿದಾಗ ಮಾವನೇ ತೆಗೆದುಕೊಂಡರು.

“ನಿನ್ನ ಹೆಂಡ್ತಿ ನಮ್ಮೆಲ್ರನ್ನೂ ದಾರಿ ಮಧ್ಯ ಇಳಿಸಿಬಿಟ್ಲು ಕಣೋ. ಟಿಕೆಟ್ ದುಡ್ಡೂ ವಾಪಸ್ ಕೊಡ್ಲಿಲ್ಲ.” ಆಚೆಯಿಂದ ಅವನು ಏನೋ ಕೇಳಿದ. “ಇಲ್ಲಪ್ಪ, ಸರಿಯಾಗೇ ಮಾಡಿದ್ಲು. ನಾನೇ ಹೇಳಿದ್ದು ಇಳಿಸು ಅಂತ.”

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಮಾವನ ಕುತ್ತಿಗೆಯ ಬಿಳಿ ಬ್ಯಾಂಡೇಜು, ಅದರ ಕೆಳಗೆ ಚರ್ಮದಡಿ ಉಬ್ಬಿ ಕಾಣುವ ನಳಿಕೆಯ ಗೆರೆ, ಅವಳ ಕಣ್ಣು ಅಲ್ಲೇ ನಿಂತಿತ್ತು. ಹಾಗೆ ನೋಡುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಮಾವನಿಗೂ ಅದು ಗೊತ್ತಿತ್ತು. ಅವರು ಮನೆಯಲ್ಲಿ ಕಾಲರ್ ಇರುವ ಅಂಗಿ ಹಾಕತೊಡಗಿದ್ದರು.

ಮೂರು ವಾರದ ಔಷಧಿ ಶುಕ್ರವಾರ ಮುಗಿಯಿತು. ಶನಿವಾರದ ನೀರಿನ ತಟ್ಟೆಗಳಲ್ಲಿ ಏನೂ ಬೆಳೆಯಲಿಲ್ಲ. ಅದರ ಮುಂದಿನ ಬುಧವಾರ ಮಧ್ಯಾಹ್ನ ಅತ್ತೆ ಘಟಕಕ್ಕೆ ಫೋನ್ ಮಾಡಿ, “ಇವರು ಕಂಬಳಿ ಕೇಳ್ತಿದಾರೆ” ಎಂದರು. ಹೊರಗೆ ಬೇಸಿಗೆಯ ಬಿಸಿಲು.

ರಕ್ತ ಮತ್ತೆ ಲ್ಯಾಬಿಗೆ ಹೋಯಿತು. ಶುಕ್ರವಾರ ಲ್ಯಾಬ್ ಡಾಕ್ಟರು ತಾವೇ ಮೇಲೆ ಬಂದರು.

“ಅದೇ,” ಎಂದರು.

“ಔಷಧಿ ಹಿಡೀತಿಲ್ವಾ?”

“ಹಿಡೀತಿದೆ. ತಟ್ಟೆಲಿ ಈಗಲೂ ಅದೇ ಔಷಧಿಗೆ ಒಂದೂ ಉಳೀತಿಲ್ಲ.”

ಶನಿವಾರ ಬೆಳಿಗ್ಗೆ ನಳಿಕೆ ತೆಗೆದು ತೊಡೆಯಲ್ಲಿ ಹೊಸದು ಹಾಕಿದರು. ಹಳೆಯದರ ಒಳಮೈಗೆ ಬೂದು ಬಣ್ಣದ ತೆಳು ಪದರ ಅಂಟಿಕೊಂಡಿತ್ತು. ಅದನ್ನು ನೋಡಿದ ಮುಖ್ಯ ವೈದ್ಯೆ ಹೃದಯದ ಸ್ಕ್ಯಾನ್ ಬರೆದರು. ಮಧ್ಯಾಹ್ನ ಸ್ಕ್ಯಾನ್ ಆಯಿತು. ಬಲಗಡೆಯ ಕವಾಟದ ಅಂಚಿನಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ, ಬ್ಯಾಕ್ಟೀರಿಯಾ ಮನೆ ಮಾಡಿದ ಒಂದು ಮುದ್ದೆ ಪ್ರತಿ ಬಡಿತಕ್ಕೂ ಅತ್ತಿತ್ತ ಓಲಾಡುತ್ತಿತ್ತು.